ನಮ್ಮ ಕಾರಿನ ಎಡಗಡೆ ತಗಡು

ಅಗ್ಗಕ್ಕೆ ಸಿಕ್ಕಿದ್ದನ್ನು ಬಿಟ್ಟು ಬರುವುದು ನನ್ನ ಜಾಯಮಾನದಲ್ಲೇ ಇಲ್ಲ. ಹರಾಜು ನಡೆಯುವ ಕಡೆ ನಿಂತರೆ ಸಾಕು, ನನ್ನ ಕೈ ತಾನಾಗಿಯೇ ಮೇಲೇಳುತ್ತದೆ. ಹಾಗೆ ಎದ್ದ ಕೈಯ ಪುಣ್ಯದಿಂದ ನಮ್ಮ ಮನೆಗೆ ಮೂರು ಕಾಲಿನ ಕುರ್ಚಿಯೂ, ಹನ್ನೊಂದು ಗಂಟೆಗೆ ಹದಿನಾಲ್ಕು ಸಲ ಹೊಡೆಯುವ ಗಡಿಯಾರವೂ ಬಂದು ಸೇರಿವೆ. ಎರಡನೆಯ ಮಹಾಯುದ್ಧ ಮುಗಿದ ಮಾರನೆಯ ವರ್ಷ, ಬೆಂಗಳೂರು ದಂಡಿನಿಂದ ತನ್ನ ಸೀಮೆಗೆ ವಾಪಸು ಹೊರಟಿದ್ದ ಬಿಳಿ ದೊರೆಯೊಬ್ಬನ ಸಾಮಾನು ಹರಾಜಾಗುವಾಗ ಆ ಕೈ ಒಂದು ಕಾರಿಗಾಗಿ ಎದ್ದಿತು. ಎರಡೇ ಸೀಟಿನ, ಕೆಂಪು ಬಣ್ಣದ, ಹಳೆಯ ಓಟದ ಕಾರು. ಉದ್ದನೆಯ ಮೂತಿ, ಮೇಲೆ ಚಾವಣಿ ಇಲ್ಲ. ದೊಡ್ಡಬಳ್ಳಾಪುರದಲ್ಲಿ ವಕೀಲಿ ಮಾಡಿಕೊಂಡು, ಪಂಚೆ ಉಟ್ಟು ಪೇಟ ಸುತ್ತುವ ನನ್ನಂಥವನಿಗೆ ಅದು ಯಾಕೆ ಬೇಕಿತ್ತು ಎಂದು ಕೇಳಬೇಡಿ. ನನ್ನ ಹೆಂಡತಿ ಸಾವಿತ್ರಿಯೂ ಅದನ್ನೇ ಕೇಳಿದಳು. ಹೆಂಡತಿಗೆ ಕೊಡಲು ಉತ್ತರ ತೋಚದಿದ್ದಾಗ ಗಂಡಸರೆಲ್ಲ ಮಾಡುವುದನ್ನೇ ನಾನೂ ಮಾಡಿದೆ. "ನಿನಗೋಸ್ಕರವೇ ತಂದೆ ಕಣೇ. ಮುಂದಿನ ತಿಂಗಳು ನಿನ್ನ ತಮ್ಮನ ಮದುವೆಗೆ ದೇವನಹಳ್ಳಿಗೆ ಇದರಲ್ಲೇ ಕರ್ಕೊಂಡು ಹೋಗಿ, ನಿಮ್ಮಪ್ಪನ ಮನೆ ಬಾಗಿಲಲ್ಲೇ ಇಳಿಸ್ತೀನಿ" ಅಂದುಬಿಟ್ಟೆ.

ಬಾಯಿಗೆ ಬಂದ ಮಾತು ಅದು. ಆದರೆ ಅವಳು ಅದನ್ನು ನಂಬಿಬಿಟ್ಟಳು. ಯಾಕೆ ನಂಬಿದಳು ಅನ್ನುವುದಕ್ಕೆ ಅವಳ ಟ್ರಂಕಿನ ಕಥೆ ಹೇಳಬೇಕು. ನಮ್ಮ ಮದುವೆಯಲ್ಲಿ ಅವಳ ಜೊತೆ ಬಂದ ಹಸಿರು ಟ್ರಂಕಿನ ಮೇಲೆ "ಸೌ. ರುಕ್ಮಿಣಿ, ದೇವನಹಳ್ಳಿ" ಎಂದು ಬರೆದಿತ್ತು. ರುಕ್ಮಿಣಿ ಅವಳ ಅಕ್ಕ. ಅಕ್ಕನ ಗಂಡನ ಮನೆಯವರು ಇನ್ನೂ ದೊಡ್ಡ ಟ್ರಂಕು ಕೊಡಿಸಿದ್ದರಿಂದ ಇದು ತವರಲ್ಲೇ ಉಳಿದು ತಂಗಿಯ ಪಾಲಿಗೆ ಬಂತು. ಸಾವಿತ್ರಿ ಅದನ್ನು ಹೊತ್ತುಕೊಂಡು ತವರಿಗೆ ಹೋದಾಗಲೆಲ್ಲ ರುಕ್ಮಿಣಿ ಹತ್ತು ಜನರೆದುರು, "ಅಯ್ಯೋ, ನನ್ನ ಪೆಟ್ಟಿಗೆ ಇನ್ನೂ ಗಟ್ಟಿಮುಟ್ಟಾಗಿದೆಯಲ್ಲೇ!" ಅನ್ನುವಳು. ಸಾವಿತ್ರಿ ನಗುತ್ತಿದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ ಮಾತ್ರ ಪೆಟ್ಟಿಗೆಯ ಮೇಲಿನ ಹೆಸರನ್ನು ಸೆರಗಿನಿಂದ ಮುಚ್ಚಿಕೊಂಡು ಕೂರುತ್ತಿದ್ದಳು. ಒಮ್ಮೆ ಬೀಗ ರಿಪೇರಿಗೆಂದು ಅದನ್ನು ಟ್ರಂಕು ಮಾಡುವ ಬಷೀರ್ ಸಾಬರ ಅಂಗಡಿಗೆ ಒಯ್ದಾಗ, ಅವರೇ "ಹೆಸರು ಬದಲಾಯಿಸ್ಲಾ ಸ್ವಾಮಿ?" ಎಂದು ಕೇಳಿದ್ದರು. ಸಾವಿತ್ರಿ ಪಕ್ಕದಲ್ಲೇ ನಿಂತಿದ್ದಳು. ನಾನು ಮಹಾ ಬುದ್ಧಿವಂತ, "ಪೆಟ್ಟಿಗೆ ಯಾರ ಹೆಸರಲ್ಲಿದ್ರೇನು, ಒಳಗಿರೋ ಸೀರೆ ಇವಳದೇ ತಾನೆ? ಬೇಡ ಬಿಡಿ" ಅಂದಿದ್ದೆ.

ಕಾರಿನಲ್ಲಿ ಮೊದಲ ಸವಾರಿ ಪೇಟೆಬೀದಿಯವರೆಗೆ ಹೋಯಿತು. ನನ್ನ ಪೇಟ ಅದಕ್ಕೂ ಮುಂಚೆಯೇ ಹಾರಿಹೋಗಿತ್ತು. ಬೀದಿಯ ನಟ್ಟನಡುವೆ ಧಡಾರ್ ಅಂತ ಸದ್ದಾಗಿ, ಸಾವಿತ್ರಿ ಕೂತಿದ್ದ ಎಡಗಡೆಯ ಬಾಗಿಲ ತಗಡೂ ಅದರ ಕೆಳಗಿನದೂ ಕಳಚಿ ರಸ್ತೆಗೆ ಬಿದ್ದವು. ದೊರೆ ಬಳಿದಿದ್ದ ಕೆಂಪು ಬಣ್ಣದ ಹಿಂದೆ ಇದ್ದದ್ದು ಬರೀ ತುಕ್ಕು. ಮಗ್ಗದ ಮನೆಗಳಿಂದ ಲಾಳಿ ಬಿಟ್ಟು ಎದ್ದು ಬಂದ ಜನರೆಲ್ಲ ಕಾರಿನೊಳಗಿನ ನನ್ನ ಹೆಂಡತಿಯ ಕಾಲುಂಗುರವನ್ನು ನೋಡಿದರು. ಅವಳು ಇಳಿದು, ಸೆರಗು ಹೊದ್ದು, ನಡೆದೇ ಮನೆಗೆ ಹೋದಳು. ನಾನು ಬಿದ್ದ ತಗಡುಗಳನ್ನು ಹೆಕ್ಕಿ ಅವಳ ಸೀಟಿನ ಮೇಲಿಟ್ಟುಕೊಂಡು ಹಿಂದೆಯೇ ಬಂದೆ.

ನಮ್ಮೂರಲ್ಲಿ ಕಾರಿನ ಮೈ ರಿಪೇರಿ ಮಾಡುವವರು ಯಾರಿದ್ದಾರೆ? ಮತ್ತೆ ಬಷೀರ್ ಸಾಬರೇ ಗತಿ. ಯುದ್ಧಕಾಲದಲ್ಲಿ ಅವರು ಮಿಲಿಟರಿ ವರ್ಕ್‌ಷಾಪಿನಲ್ಲಿ ಮೂರು ವರ್ಷ ಇದ್ದು ಗ್ಯಾಸ್ ವೆಲ್ಡಿಂಗ್ ಕಲಿತು ಬಂದಿದ್ದರು. "ಇವಳ ತವರಿಗೆ ಹೋಗಬೇಕು ಸಾಬ್ರೇ, ಮದುವೆಯೊಳಗೆ ಆಗ್ಲೇಬೇಕು" ಎಂದು ಕಾರು ಒಪ್ಪಿಸಿದೆ. ಸಾಬರು ಕಾರಿನ ಸುತ್ತ ಒಂದು ಸುತ್ತು ಬಂದು, ಬೆರಳಿನಿಂದ ಕುಟ್ಟಿ ನೋಡಿ, "ಬಲಗಡೆ ಗಟ್ಟಿ ಇದೆ. ಎಡಗಡೆ ಪೂರಾ ಹೊಸದು ಹಾಕ್ಬೇಕು" ಅಂದರು. ಮಿಲಿಟರಿಯವರು ಬಿಸಾಕಿದ ಪೆಟ್ರೋಲ್ ಪೀಪಾಯಿಯನ್ನು ಸೀಳಿ, ಮರದ ಸುತ್ತಿಗೆಯಿಂದ ಬಡಿದು ಹಾಳೆ ಮಾಡಿದರು. ಕೊಳೆತದ್ದನ್ನು ಕತ್ತರಿಸಿ ಹೊಸದನ್ನು ಬೆಸೆದರೆ, ಬೆಂಕಿಯ ಕಾವಿಗೆ ತಗಡು ಹಪ್ಪಳದ ಹಾಗೆ ಸೊಟ್ಟಗಾಯಿತು. ಬಿಚ್ಚಿದರು. ಮತ್ತೆ ಬಡಿದರು. ಈ ಸಲ ಒಂದು ಗೇಣಿಗೊಂದು ಚುಕ್ಕೆಯಂತೆ ಬೆಸೆದು, ಒದ್ದೆ ಗೋಣಿ ಒತ್ತಿ ಆರಿಸಿ, ಆಮೇಲೆ ಮುಂದಕ್ಕೆ ಹೋದರು. ನಾನು ದಿನಾ ಕೋರ್ಟಿನಿಂದ ನೇರ ಅಲ್ಲಿಗೆ ಹೋಗಿ ಸಲಹೆ ಕೊಡುತ್ತಿದ್ದೆ. ನಾಲ್ಕನೆಯ ದಿನ ಸಾಬರು ಕೈಮುಗಿದು, "ಸ್ವಾಮಿ, ನಾನು ಕೋರ್ಟಿಗೆ ಬಂದು ನಿಮಗೆ ವಾದ ಹೇಳ್ಕೊಡ್ತೀನಾ?" ಅಂದರು. ಆಮೇಲೆ ಹೋಗಲಿಲ್ಲ.

ಹೋಗಬೇಕಿತ್ತು. ಮದುವೆಯ ಹಿಂದಿನ ದಿನ ಸಾವಿತ್ರಿಯನ್ನೂ ಕರೆದುಕೊಂಡು ಹೋದೆ. ಕಾರಿನ ಎಡಗಡೆ ಹೊಸ ತಗಡು ಪಳಪಳ ಹೊಳೆಯುತ್ತಿತ್ತು. ಅಲುಗಾಡದಿರಲಿ ಎಂದು ಟ್ರಂಕಿಗೆ ಎತ್ತುವಂತೆ ಅಡ್ಡಕ್ಕೆ ಎರಡು ಉಬ್ಬುಗೆರೆಯ ಏಣು ಎತ್ತಿದ್ದರು. ಬಾಗಿಲಿಗೆ ಟ್ರಂಕಿನ ಚಿಲಕವನ್ನೇ ಜಡಿದಿದ್ದರು, ಅದೂ ಹೊರಗಡೆಗೆ. ಇಷ್ಟಾದರೂ ಸಹಿಸಬಹುದಿತ್ತು. ಬಾಗಿಲ ತುಂಬ ಎರಡು ಗಿಳಿ, ಒಂದು ಗುಲಾಬಿ, ನಡುವೆ ದಪ್ಪ ಬಿಳಿ ಅಕ್ಷರದಲ್ಲಿ "ಸೌ. ಸಾವಿತ್ರಮ್ಮ, ದೊಡ್ಡಬಳ್ಳಾಪುರ"!

"ಏನ್ರೀ ಇದು ಅನ್ಯಾಯ!" ಎಂದು ಕೂಗಿಕೊಂಡೆ.

"ತವರಿಗೆ ಹೋಗೋದು ಅಂದ್ರಲ್ಲ ಸ್ವಾಮಿ? ಹೆಣ್ಮಗಳ ಜೊತೆ ತವರಿಗೆ ಹೋಗೋ ಸಾಮಾನು, ಅವಳ ಹೆಸರು ಬರೀದೆ ನಮ್ಮ ಅಂಗಡಿಯಿಂದ ಆಚೆ ಹೋಗಲ್ಲ. ನಮ್ಮ ತಾತನ ಕಾಲದಿಂದ ಇದೇ ಪದ್ಧತಿ."

"ಬರೆಯೋಕ್ ಮುಂಚೆ ನನ್ನನ್ನೊಂದು ಮಾತು ಕೇಳ್ಬಾರದಾಗಿತ್ತಾ?"

"ಹೋದ ಸಲ ಕೇಳಿದ್ದೆ," ಎಂದರು ಸಾಬರು ನಿಧಾನವಾಗಿ. "ಬೇಡ ಅಂದ್ಬಿಟ್ರಿ. ಅದಕ್ಕೇ ಈ ಸಲ ಕೇಳ್ಲಿಲ್ಲ."

ಸಾವಿತ್ರಿ ಬಗ್ಗಿ, ಹಸಿ ಬಣ್ಣಕ್ಕೆ ತಾಗದ ಹಾಗೆ, ಒಂದೊಂದು ಅಕ್ಷರದ ಮೇಲೂ ಗಾಳಿಯಲ್ಲೇ ಬೆರಳಾಡಿಸಿದಳು. ಅವಳ ಕಣ್ಣು ತುಂಬಿತ್ತು. "ಚೆನ್ನಾಗಿದೆ ಸಾಬ್ರೇ, ಇರಲಿ ಬಿಡಿ" ಅಂದಳು. ಒಂದು ಹೆಸರಿಗಾಗಿ ಇಷ್ಟು ವರ್ಷ ಇವಳನ್ನು ಕಾಯಿಸಿದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ಮಾರನೆಯ ಬೆಳಿಗ್ಗೆ ದೇವನಹಳ್ಳಿಯಲ್ಲಿ ಮಾವನವರ ಮನೆ ಮುಂದೆ ಕಾರು ನಿಲ್ಲಿಸಿದಾಗ ಬೀಗರು, ನೆಂಟರು, ಓಲಗದವರು ಎಲ್ಲ ಚಪ್ಪರದಡಿ ನಿಂತಿದ್ದರು. ಚಿಲಕ ಹೊರಗಡೆ ತೀರಾ ಕೆಳಗಿದ್ದುದರಿಂದ ಸಾವಿತ್ರಿಗೆ ಒಳಗಿನಿಂದ ಎಟುಕುತ್ತಿರಲಿಲ್ಲ. ನಾನೇ ಆ ಕಡೆಯಿಂದ ಇಳಿದು, ಸುತ್ತಿ ಬಂದು, ಚಿಲಕ ತೆಗೆದು, ಬಾಗಿಲು ಹಿಡಿದು ನಿಂತೆ. ಪೇಟವಿಲ್ಲದ ತಲೆ, ಮೈತುಂಬ ಕೆಂಪು ಧೂಳು. ಅವಳು ಮಹಾರಾಣಿಯ ಹಾಗೆ ಇಳಿದಳು. ರುಕ್ಮಿಣಿ ಬಾಗಿಲ ಮೇಲಿನ ಹೆಸರನ್ನು ಎರಡು ಸಲ ಓದಿದಳು. ಪೆಟ್ಟಿಗೆಯ ಸುದ್ದಿ ಆವತ್ತು ಎತ್ತಲಿಲ್ಲ. ಹೆಣ್ಣಿನ ಕಡೆಯ ಹಿರಿಯರೊಬ್ಬರು ಸಾವಿತ್ರಿಗೆ ನಮಸ್ಕಾರ ಮಾಡಿ, ನನ್ನ ಕಡೆ ತಿರುಗಿ, "ಏನಪ್ಪಾ ಡ್ರೈವರ್, ಅಮ್ಮಾವ್ರ ಕಾರು ಆ ಹುಣಿಸೆ ಮರದ ನೆರಳಿಗೆ ಹಾಕ್ಬಿಡು. ಆಮೇಲೆ ಹಿತ್ತಲ ಕಡೆ ಬಂದ್ರೆ ನಿನಗೂ ಎಲೆ ಹಾಕಿಸ್ತೀನಿ" ಅಂದರು. ಸಾವಿತ್ರಿ ನನ್ನ ಮುಖ ನೋಡಿದಳು, ಸೆರಗನ್ನು ಬಾಯಿಗೆ ಒತ್ತಿಕೊಂಡಳು, ತಿದ್ದಲು ಮಾತ್ರ ಹೋಗಲಿಲ್ಲ. ಹೋಳಿಗೆ ಹಿತ್ತಲಲ್ಲೂ ಅಷ್ಟೇ ಚೆನ್ನಾಗಿತ್ತು.

ಊರಿಗೆ ಬಂದ ಮೇಲೆ ಬಷೀರ್ ಸಾಬರನ್ನು ಕಂಡು, ಬಲಗಡೆ ಬಾಗಿಲ ಮೇಲೆ ನನ್ನ ಹೆಸರನ್ನೂ ಸಣ್ಣದಾಗಿ ಬರೆದುಕೊಡಿ, ಗಿಳಿ ಇಲ್ಲದಿದ್ದರೂ ಪರವಾಗಿಲ್ಲ, ಎಂದು ಕೇಳಿಕೊಂಡೆ. "ಕಾರು ಯಾರ ಹೆಸರಲ್ಲಿದೆಯೋ ಅವರ ಅಪ್ಪಣೆ ಬೇಕು ಸ್ವಾಮಿ" ಅಂದರು. ಮನೆಗೆ ಬಂದು ಅಪ್ಪಣೆ ಕೇಳಿದೆ. ಸಾವಿತ್ರಿ ಅಕ್ಕಿ ಆರಿಸುತ್ತಾ, ತಲೆ ಎತ್ತದೆ, "ಆ ಕಡೆ ತಗಡು ಇನ್ನೂ ಗಟ್ಟಿಯಾಗಿದೆಯಲ್ಲ. ಅದು ತುಕ್ಕು ಹಿಡಿದು ಹೊಸದು ಹಾಕಿಸೋವಾಗ ನೋಡೋಣ ಬಿಡಿ" ಅಂದಳು.

ಅಂದಿನಿಂದ ದಿನಾ ಬೆಳಿಗ್ಗೆ ಅವಳು ಬಾಗಿಲಿಗೆ ರಂಗೋಲಿ ಇಟ್ಟು ಒಳಗೆ ಹೋದ ಮೇಲೆ, ನಾನು ಸದ್ದಿಲ್ಲದೆ ಹೋಗಿ ಕಾರಿನ ಬಲಗಡೆಗೆ ಒಂದು ಚೊಂಬು ನೀರು ಹೊಯ್ದು ಬರುತ್ತಿದ್ದೇನೆ.