ಫ್ರಿಜ್ಜಿನ ಗಂಟಲು ಕಟ್ಟಿದ್ದು

ಮನುಷ್ಯನಿಗೆ ಒಂದಾದರೂ ವಿದ್ಯೆ ಇರಬೇಕು ಎಂದು ಹಿರಿಯರು ಹೇಳುತ್ತಾರೆ. ಇರಲಿ, ಬೇಡ ಎಂದವರಾರು? ಆದರೆ ಆ ವಿದ್ಯೆ ಊರಿಗೆಲ್ಲ ಗೊತ್ತಾಗಬಾರದು ಎಂಬುದನ್ನು ಮಾತ್ರ ಯಾವ ಹಿರಿಯರೂ ನನಗೆ ಹೇಳಲಿಲ್ಲ. ನನ್ನ ವಿದ್ಯೆ ಇರುವುದು ಗಂಟಲಿನಲ್ಲಿ. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಸಾಕು, ಮೂರನೆಯ ಸಲಕ್ಕೆ ಅವರೇ ಬೇಕಾಗಿಲ್ಲ. ಶಿಗ್ಗಾಂವಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು ಕಂಡಕ್ಟರನ ಮೂಗುದನಿಯಲ್ಲಿ "ಹೋಲ್ಡಾನ್" ಎಂದು, ನಿಲ್ಲಬಾರದ ಜಾಗದಲ್ಲಿ ಬಸ್ಸು ನಿಲ್ಲಿಸಿದ್ದುಂಟು. ಕೆಲಸದ ಸಂದರ್ಶನಕ್ಕೆ ಹೋದಾಗ "ಸರ್, ಅದು, ಸರ್, ಏನಂದ್ರ ಸರ್" ಎಂದು ತೊದಲಿದ ಬಸವರಾಜ ಎಂಬ ಹುಡುಗನನ್ನು ಅಣಕಿಸಿ ಗೆಳೆಯರನ್ನು ಹೊಟ್ಟೆ ಹಿಡಿದು ನಗಿಸಿದ್ದೇನೆ. ಆ ಬಸವರಾಜ ನಾನೇ. ಕೆಲಸ ಸಿಗಲಿಲ್ಲ, ಐಟಂ ಸಿಕ್ಕಿತು.

ಮನುಷ್ಯರು ಮುಗಿದ ಮೇಲೆ ಯಂತ್ರಗಳಿಗೆ ಇಳಿದೆ. ನಮ್ಮ ಸವಣೂರಿನಲ್ಲಿ ಫ್ರಿಜ್ಜು, ಮಿಕ್ಸರು ರಿಪೇರಿ ಮಾಡುವ ದಾದಾಪೀರ್ ಎಂಬ ಮೆಕ್ಯಾನಿಕ್ ಇದ್ದಾನೆ. ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಅವನಿಗೂ ನನಗೂ ಒಂದು ಆಟ. ನಾನು ಫೋನು ಮಾಡಿ ಬಾಯಿಂದ ಗ್ರೈಂಡರಿನ ಸದ್ದು ಮಾಡಬೇಕು, ಅವನು ರೋಗ ಹೇಳಬೇಕು. "ಬೆಲ್ಟ್ ಹೋಗೈತಿ." "ಬೇರಿಂಗ್ ಒಣಗೈತಿ." ಒಮ್ಮೆ ನಿಜವಾಗಿ ಕೆಮ್ಮಿದ್ದಕ್ಕೆ "ಇದು ಹಳೇ ಮೋಟಾರ್, ಗುಜರಿಗೆ ಹಾಕು" ಎಂದಿದ್ದ. ಸಾಯಂಕಾಲದ ಚಹಾ ಕುಡಿಯುವಾಗ ಇದೇ ನಮ್ಮ ಮನರಂಜನೆ.

ಹೀಗಿರುವಾಗ ಈ ಸಲದ ರಮಜಾನ್ ಹಬ್ಬದ ಹಿಂದಿನ ದಿನ ನಮ್ಮ ಫ್ರಿಜ್ಜು ತಾನೇ ಬಾಯಿ ಬಿಟ್ಟಿತು.

ಅದಕ್ಕೂ ಮೊದಲು ಆ ಫ್ರಿಜ್ಜಿನ ಒಳಗೆ ಏನಿತ್ತು ಎಂದು ಹೇಳಬೇಕು. ಪಕ್ಕದ ಮನೆ ಮುಮ್ತಾಜ್ ಚಾಚಿಯ ಹಾಲು. ಹಬ್ಬ ಬಂದರೆ ಅವರ ಫ್ರಿಜ್ಜಿನ ತುಂಬ ಬಿರಿಯಾನಿಯ ಮಾಂಸ, ಅದರಲ್ಲಿ ಹಾಲಿಟ್ಟರೆ ವಾಸನೆ ಹತ್ತುತ್ತದೆ. ಹಾಗಾಗಿ ಹಬ್ಬದ ಶಾವಿಗೆ ಪಾಯಸ ಸುರಕುಂಬಾಕ್ಕೆ ಬೇಕಾದ ಹಾಲು ಪ್ರತಿ ವರ್ಷ ನಮ್ಮ ಮನೆಗೆ ಬಂದು ತಂಗುತ್ತದೆ. ಈ ಸಲದ ಹಾಲಿಗೆ ಇನ್ನೂ ಹೆಚ್ಚಿನ ಮರ್ಯಾದೆ. ಚಾಚಿಯ ಮಗಳ ಮದುವೆಯಾದ ಮೇಲಿನ ಮೊದಲ ಈದ್, ಹಾನಗಲ್ಲಿನಿಂದ ಹೊಸ ಬೀಗರು ಬರುವವರಿದ್ದರು. ಚಾಚಿಯ ತಮ್ಮ ಯಲವಿಗಿಯಿಂದ ಗಟ್ಟಿ ಎಮ್ಮೆ ಹಾಲು ತಂದು, ಕ್ಯಾನನ್ನು ಕೂಸಿನಂತೆ ಎತ್ತಿ ಅವ್ವನ ಕೈಗೆ ಕೊಟ್ಟು ಹೋಗಿದ್ದ. ಹಬ್ಬದ ಹಿಂದಿನ ಮಧ್ಯಾಹ್ನ ಊರಿನಲ್ಲಿ ಬೇರೆ ಹಾಲು ಹುಡುಕುವುದೆಂದರೆ ಮದುವೆ ಮನೆಯಲ್ಲಿ ನಿಮ್ಮದೇ ಚಪ್ಪಲಿ ಹುಡುಕಿದಂತೆ.

ಮಧ್ಯಾಹ್ನದ ಊಟದ ಹೊತ್ತಿಗೆ ಫ್ರಿಜ್ಜು "ಕಿರ್ರ್ರ್... ಟಕ ಟಕ ಟಕ... ಕಿರ್ರ್" ಎಂದಿತು. ಅವ್ವ ಅಡುಗೆಮನೆಯಿಂದಲೇ "ಬಸ್ಯಾ, ಉಣ್ಣೂವಾಗರ ಸುಮ್ನಿರಲೇ" ಎಂದಳು. ನನ್ನ ಬಾಯಲ್ಲಿ ರೊಟ್ಟಿ ಇತ್ತು. ನಾನು ಸನ್ನೆಯಲ್ಲೇ ಫ್ರಿಜ್ಜನ್ನು ತೋರಿಸಿದೆ. ಅವ್ವ ಬಾಗಿಲು ತೆಗೆದು ಕೈಯಿಟ್ಟು ನೋಡಿದಳು. ಮೇಲೆ ಫ್ರೀಜರಿನಲ್ಲಿ ಹಿಮಾಲಯ, ಕೆಳಗೆ ಹಾಲಿನ ಹತ್ತಿರ ಬಳ್ಳಾರಿ. ತಂಪನ್ನು ಕೆಳಗೆ ತಳ್ಳುವ ಫ್ಯಾನು ಕೈಕೊಟ್ಟಿದೆ ಎನ್ನುವುದು ನನಗೂ ಹೊಳೆಯಿತು. ಅಷ್ಟರಲ್ಲಿ ಗೋಡೆಯಾಚೆಯಿಂದ ಚಾಚಿ, "ಅಕ್ಕಾ, ದೂದ್ ಹುಷಾರೈತಲ್ರೀ?" ಎಂದು ಹಾಲಿನ ಆರೋಗ್ಯ ವಿಚಾರಿಸಿದರು. ಅವ್ವ ಸುಳ್ಳು ಹೇಳಲಾರದೆ, ನಿಜ ಹೇಳಲಾರದೆ, "ಬರ್ರಿ, ನೀವ ನೋಡ್ರಿ" ಎಂದಳು.

ದಾದಾಪೀರನಿಗೆ ಫೋನು ಹಚ್ಚಿದೆ. ಅವನು ಹಬ್ಬಕ್ಕೆಂದು ಮಾವನ ಮನೆ ದುಂಡಸಿಗೆ ಹೋಗಿದ್ದ. "ದಾದಾ, ನಮ್ಮ ಫ್ರಿಜ್ಜಿಗೆ ಏನೋ ಆಗೈತಿ, ಕೇಳಿಲ್ಲಿ" ಎಂದು ಮೊಬೈಲನ್ನು ಫ್ರಿಜ್ಜಿನ ಬಾಯಿಗೆ ಹಿಡಿದೆ. ಫ್ರಿಜ್ಜು ತನ್ನ ಎಲ್ಲ ಸಂಕಟ ತೋಡಿಕೊಂಡಿತು. ಆ ಕಡೆಯಿಂದ ಕೇಕೆ.

"ಭಲೇ ಮಗನ! ಏನ್ ಮಾಡ್ತೀಲೇ! ತಡಿ ತಡಿ, ಸ್ಪೀಕರಿಗೆ ಹಾಕ್ತೇನಿ, ನಮ್ಮ ಮಾವನೂ ಕೇಳ್ಲಿ."

"ದಾದಾ, ಇದು ನಾನಲ್ಲೋ. ಖರೇನ ಫ್ರಿಜ್ಜು!"

"ಹೌದಪ್ಪಾ, ಫ್ರಿಜ್ಜ ಮಾತಾಡಾಕತ್ತೈತಿ. ಇನ್ನೊಮ್ಮೆ ಆ ಟಕ ಟಕ ಮಾಡು."

ಅವ್ವ ಫೋನು ಕಸಿದುಕೊಂಡಳು. "ಏ ದಾದಾಪೀರ್, ನಾ ಇವರವ್ವ ಮಾತಾಡಾಕತ್ತೇನಿ. ನಗೂ ಹೊತ್ತಲ್ಲ ಇದು."

"ವ್ಹಾ ವ್ಹಾ! ಅವ್ವಾರ ದನಿ ಪಕ್ಕಾ! ಸಿಟ್ಟು ಬಂದ್ರ ಕಡೀಕೆ ದನಿ ಏರಸ್ತಾರಲ್ಲ, ಅದನ್ನೂ ಬಿಟ್ಟಿಲ್ಲ ನೋಡು!"

ಅವ್ವ ಫೋನಿನ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದಳು. "ನಾ ಯಾವಾಗಲೇ ಕಡೀಕೆ ಏರಸ್ತೇನಿ?" ಎಂದು ಕಡೆಗೆ ದನಿ ಏರಿಸಿದಳು. ನಾನು ಅವಳನ್ನೂ ಅಣಕಿಸುತ್ತೇನೆ ಎಂಬುದು ಅವಳಿಗೆ ಅಂದೇ ಗೊತ್ತಾದದ್ದು. ಆ ಲೆಕ್ಕ ಆಮೇಲೆ ಎಂದು ಅವಳ ಕಣ್ಣು ಹೇಳಿತು. ಕೊನೆಗೆ ಚಾಚಿ ಫೋನು ತೆಗೆದುಕೊಂಡು "ಬೇಟಾ, ಮೈ ಮುಮ್ತಾಜ್ ಬೋಲ್ತೂಂ" ಎಂದರೆ, "ಅರೇ ಬಸ್ಯಾ, ಉರ್ದುನೂ ಸುರು ಮಾಡಿಯೇನ!" ಎಂದ ಪುಣ್ಯಾತ್ಮ. ನಕ್ಕು ನಕ್ಕು ಫೋನು ಬೀಳಿಸಿದನೋ, ಚಾರ್ಜು ಮುಗಿಯಿತೋ, ಆಮೇಲೆ ಹತ್ತಲೇ ಇಲ್ಲ. ಶಿಗ್ಗಾಂವಿಯ ಇನ್ನೊಬ್ಬ ಮೆಕ್ಯಾನಿಕ್ "ಹಬ್ಬ ಮುಗಿಸಿ ಬರ್ತೇನ್ರಿ" ಎಂದ. ಹಬ್ಬ ಮುಗಿದ ಮೇಲೆ ಆ ಹಾಲಿನಿಂದ ಪನೀರು ಮಾಡಬಹುದಿತ್ತು, ಬೀಗತನ ಮಾಡಲಾಗುತ್ತಿರಲಿಲ್ಲ. ಚಾಚಿ ಸೆರಗಿನ ತುದಿಯನ್ನು ಸುತ್ತುತ್ತ ಕ್ಯಾನನ್ನೇ ನೋಡುತ್ತ ನಿಂತರು. ಅವರು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು, ಅವರ ಬೈಗುಳ ನನಗೆ ಬಾಯಿಪಾಠ.

ತೋಚದೆ ನಾನು ಫ್ರಿಜ್ಜಿನ ಎದುರು ಕುಕ್ಕುರುಗಾಲಿನಲ್ಲಿ ಕುಳಿತು ಅದರ ದನಿ ಹಿಡಿಯತೊಡಗಿದೆ. "ಹಾಲು ಕೆಡಾಕತ್ತೈತಿ, ಇವಗ ಪ್ರಾಕ್ಟೀಸು" ಎಂದಳು ಅವ್ವ. ಆದರೆ ದನಿ ಹಿಡಿಯುವವನಿಗೆ ಒಂದು ಸಂಗತಿ ಗೊತ್ತಿರುತ್ತದೆ: "ಕಿರ್ರ್" ಬರಬೇಕಾದರೆ ನಾಲಿಗೆಯ ತುದಿ ಅಂಗುಳಕ್ಕೆ ತಾಗಲೇಬೇಕು. ತಾಗದೆ ಬರೀ ಗಾಳಿ ಬಿಟ್ಟರೆ "ಹುಸ್" ಅಷ್ಟೆ. ಅಂದರೆ ಈ ಫ್ರಿಜ್ಜಿನ ಫ್ಯಾನಿಗೂ ಏನೋ ತಾಗುತ್ತಿದೆ! ಪ್ಲಗ್ ಕಿತ್ತು, ಟಾರ್ಚು ಹಿಡಿದು ಫ್ರೀಜರಿನ ಹಿಂಬದಿಯ ಕಂಡಿಯಲ್ಲಿ ಇಣುಕಿದರೆ ಫ್ಯಾನಿನ ರೆಕ್ಕೆಯ ಸುತ್ತ ಬಿಳಿ ಗಡ್ಡದಂತೆ ಮಂಜುಗಡ್ಡೆ. ಇಷ್ಟು ನೀರು ಬಂದದ್ದಾದರೂ ಎಲ್ಲಿಂದ?

ಆಗ ಅಪ್ಪ ಬಂದ. ಅಪ್ಪ ವೀಳ್ಯದೆಲೆ ವ್ಯಾಪಾರಿ, ಸವಣೂರ ಎಲೆ. ಬಂದವನೇ ಯಾರನ್ನೂ ನೋಡದೆ, ಫ್ರಿಜ್ಜಿನೊಳಗೆ ಮೇಲಿನ ಹಲಗೆಯಲ್ಲಿ ಗಾಳಿ ಬರುವ ಕಂಡಿಗೆ ಒತ್ತಿ ಇಟ್ಟಿದ್ದ ಒದ್ದೆ ಅರಿವೆಯ ಗಂಟಿಗೆ ಚೊಂಬಿನಿಂದ ಬೆರಳು ಅದ್ದಿ ಚಿಮ್, ಚಿಮ್, ಚಿಮ್ ಎಂದು ನೀರು ಚಿಮುಕಿಸಿದ. ಬಿಸಿಲು ಹೆಚ್ಚಾದ ಮೇಲೆ ಹಬ್ಬದ ಗಿರಾಕಿಗಳ ಎಳೆ ಎಲೆಗಳನ್ನು ಅಲ್ಲಿ ಇಟ್ಟಿದ್ದನಂತೆ. ಎಲೆಯ ಮುಂದೆ ಹಾದು ಹೋಗುವಾಗ ನೀರು ಚಿಮುಕಿಸದೆ ಹೋದರೆ ಅವನ ಕೈ ಅವನ ಮಾತು ಕೇಳುವುದಿಲ್ಲ. ಅಂಗಡಿಯಲ್ಲಿ ಅಭ್ಯಾಸವಾದ ಕೈಗೆ ಫ್ರಿಜ್ಜೂ ಒಂದು ಬುಟ್ಟಿಯೇ.

"ಅಪ್ಪಾ, ಇದು ಫ್ರಿಜ್ಜು. ತಾನ ತಂಪ ಮಾಡತೈತಿ."

"ಮಾಡ್ಲಿ. ಎಲಿಗೆ ಅದು ಗೊತ್ತಿಲ್ಲಲ್ಲ" ಎಂದ ಅಪ್ಪ.

ಅವ್ವನ ಬೈಗುಳ ಅರ್ಧ ನನಗೆ, ಅರ್ಧ ಅಪ್ಪನಿಗೆ ಹಂಚಿಹೋಗಿ ಇಬ್ಬರಿಗೂ ಹಗುರವಾಯಿತು. ಫ್ರಿಜ್ಜಿನ ಬಾಗಿಲು ತೆರೆದು, ಫ್ರೀಜರಿನಲ್ಲಿ ಬಿಸಿನೀರಿನ ಪಾತ್ರೆ ಇಟ್ಟು, ಎದುರಿಗೆ ಟೇಬಲ್ ಫ್ಯಾನು ಹಚ್ಚಿದೆವು. ಒಂದು ಫ್ಯಾನಿನ ಸೇವೆಗೆ ಇನ್ನೊಂದು ಫ್ಯಾನು. ಚಾಚಿ ಹಾಲನ್ನು ಮತ್ತೆ ಕುದಿಸಿ ಆರಿಸಿ, ನೀರು ತುಂಬಿದ ಅಗಲ ಪರಾತದಲ್ಲಿ ಪಾತ್ರೆಯನ್ನು ನಿಲ್ಲಿಸಿದರು. ಅದರ ಸುತ್ತ ಅಪ್ಪನದೇ ಎಲೆಯ ಅರಿವೆಯನ್ನು ಒಗೆದು ಸುತ್ತಿ, "ಈಗ ಚಿಮುಕಸ್ರಿ ಎಷ್ಟು ಚಿಮುಕಸ್ತೀರಿ" ಎಂದು ಅವ್ವ ಅಪ್ಪನನ್ನು ಪಕ್ಕದಲ್ಲೇ ಕೂರಿಸಿದಳು. ಚಂದ್ರ ಕಾಣುವವರೆಗೂ ಅಪ್ಪ ಹಾಲಿಗೆ ಎಲೆಯ ಸೇವೆ ಮಾಡಿದ. ಹೊತ್ತು ಮುಳುಗಿದ ಮೇಲೆ ಗಡ್ಡೆ ಪೂರ್ತಿ ಕರಗಿತು. ಎಲ್ಲ ಒರೆಸಿ ಪ್ಲಗ್ ಹಾಕಿದರೆ ಫ್ಯಾನು "ಹುಸ್" ಎಂದು ಸಣ್ಣಗೆ ಉಸಿರಾಡಿತು. ಚಾಚಿ ಹಾಲಿನ ರುಚಿ ನೋಡಿ ಕಣ್ಣು ಮುಚ್ಚಿ ತೆರೆದು "ಅಚ್ಛಾ ಹೈ" ಎಂದಾಗ ಎಲ್ಲರೂ ಉಸಿರು ಬಿಟ್ಟೆವು.

ಮರುದಿನ ಚಾಚಿಯ ಮನೆಯಲ್ಲಿ ಹಾನಗಲ್ಲಿನ ಬೀಗರು ಸುರಕುಂಬಾವನ್ನು ಎರಡೆರಡು ಸಲ ಹಾಕಿಸಿಕೊಂಡರು. ಎರಡು ಸಲ ಕುದಿದ ಹಾಲು, ದಪ್ಪಗಾಗಿ ಇನ್ನೂ ರುಚಿಯಾಗಿತ್ತು. ಅಷ್ಟರಲ್ಲಿ ಹೊಸ ಅಂಗಿ ತೊಟ್ಟ ದಾದಾಪೀರ್ ಬಂದು, ನನ್ನನ್ನು ಕಂಡದ್ದೇ ಬೀಗರಿಗೆಲ್ಲ ಸಾರಿದ: "ನೋಡ್ರಿ, ಇವನ ಆ ಹುಡುಗ. ನಿನ್ನೆ ಫೋನಿನ್ಯಾಗ ಫ್ರಿಜ್ ಮಾಡಿದ್ದ, ನಮ್ಮ ಮಾವ ನಕ್ಕು ಕಟ್ಟಿ ಮ್ಯಾಲಿಂದ ಬೀಳೋದೊಂದು ಬಾಕಿ. ಬಸ್ಯಾ, ಮಾಡಲೇ ಒಮ್ಮೆ!"

ನಿಜ ಹೇಳಬಹುದಿತ್ತು. ಆದರೆ ಇಷ್ಟು ಜನ ಕಾಯುತ್ತಿರುವಾಗ ನಿಜ ಹೇಳುವ ಕಲಾವಿದ ಎಲ್ಲಿದ್ದಾನೆ? ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ, ನಿನ್ನೆಯೆಲ್ಲ ಕಲಿತದ್ದನ್ನು ಒಟ್ಟುಗೂಡಿಸಿ, ಜೀವ ಬಿಟ್ಟು ಮಾಡಿದೆ. ಬೀಗರು ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ದಾದಾಪೀರ್ ಮಾತ್ರ ಬಟ್ಟಲು ಕೆಳಗಿಟ್ಟು, ತಲೆ ಅಲ್ಲಾಡಿಸಿ, ನನ್ನ ಹೆಗಲ ಮೇಲೆ ಕೈ ಹಾಕಿ ಅನುಕಂಪದಿಂದ ಹೇಳಿದ:

"ಯಾಕೋ ನಿನ್ನೆ ಮಾಡಿದಂಗ ಆಗ್ಲಿಲ್ಲಲೇ. ಅದರಾಗ ಒಂದು ಜೀವ ಇತ್ತು."