ನನ್ನ ಕಂಪ್ಯೂಟರಿನಲ್ಲಿ ಬಾಣಂತನ ಮುಗಿಸಿದ ಇರುವೆ ಮಹಾರಾಣಿಯವರಿಗೆ

ಮಾನ್ಯರಲ್ಲಿ ಮಾನ್ಯರಾದ ಮಹಾರಾಣಿಯವರೇ,

ತಮಗೂ, ತಮ್ಮ ಲೆಕ್ಕವಿಲ್ಲದಷ್ಟು ಹೆಣ್ಣುಮಕ್ಕಳಿಗೂ, ಇನ್ನೂ ಲೋಕ ಕಾಣದ ಬಿಳಿಯ ಮೊಟ್ಟೆಗಳಿಗೂ ನಮ್ಮ ಮನೆಯ ನಡುಕೋಣೆಯ ಪರವಾಗಿ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ. ಕ್ಷೇಮವಾಗಿರುವುದನ್ನು ಮೊನ್ನೆ ಗುರುವಾರ ರಿಪೇರಿಯವರು ನನ್ನ ಕಂಪ್ಯೂಟರಿನ ಪಕ್ಕದ ತಗಡನ್ನು ತೆಗೆದಾಗ ಮನೆಮಂದಿಯೆಲ್ಲ ಕಣ್ಣಾರೆ ಕಂಡಿದ್ದೇವೆ. ಇಂಥದೊಂದು ಪತ್ರವನ್ನು ತಾವು ಬಿಡಾರ ಹೂಡಿದ ದಿನವೇ ಬರೆದು ಸ್ವಾಗತ ಕೋರಬೇಕಾಗಿತ್ತು. ತಾವು ಬಂದಿರುವುದೇ ತಿಳಿಯದ್ದರಿಂದ ತಡವಾಯಿತು, ದೊಡ್ಡ ಮನಸ್ಸು ಮಾಡಿ ಮನ್ನಿಸಬೇಕು.

ತಿಳಿಯಲಿಲ್ಲವೇಕೆ ಎಂಬುದನ್ನು ವಿವರಿಸುವ ಮುನ್ನ ನನ್ನ ಪರಿಚಯ ಹೇಳಿಕೊಳ್ಳುವುದು ಉಚಿತ. ನಾನು ಕಂಪ್ಯೂಟರ್ ವಿಜ್ಞಾನದ ಅಂತಿಮ ವರ್ಷದ ವಿದ್ಯಾರ್ಥಿನಿ; ಐದು ಸೆಮಿಸ್ಟರುಗಳಿಂದ ತರಗತಿಗೆ ಮೊದಲಿಗಳು; ಯಂತ್ರಗಳ ದೋಷ ಪತ್ತೆ ಮಾಡುವ ವಿಷಯದಲ್ಲಿ ನೂರಕ್ಕೆ ತೊಂಬತ್ತೆಂಟು ಅಂಕ ಪಡೆದವಳು. ಈ ಯೋಗ್ಯತೆಯಿಂದಲೇ, ಕಂಪ್ಯೂಟರು ತಾನಾಗಿ ನಿಂತು ತಾನಾಗಿ ಎದ್ದು ಕೂರತೊಡಗಿದಾಗ ನಾನು ಹನ್ನೊಂದು ದಿನ ಅದರ ದೋಷವನ್ನು ಶಾಸ್ತ್ರೋಕ್ತವಾಗಿ ಹುಡುಕಿದೆ. ತಂತ್ರಾಂಶವನ್ನು ಮೂರು ಬಾರಿ ಹೊಸದಾಗಿ ಹಾಕಿದೆ, ನಾಲ್ಕು ಪುಟಗಳ ತಪಾಸಣಾ ವರದಿ ಬರೆದೆ, ಅದರಲ್ಲಿ ಹದಿನೇಳು ಸಂಭಾವ್ಯ ಕಾರಣಗಳನ್ನು ಕೊಟ್ಟೆ. ಪೆಟ್ಟಿಗೆಯನ್ನು ತೆರೆದು ನೋಡುವುದು ಮಾತ್ರ ಹದಿನೇಳರಲ್ಲಿ ಇರಲಿಲ್ಲ. ತೆರೆದು ನೋಡುವುದು ಓದದವರ ವಿಧಾನ ಎಂದು ನಾನು ನಂಬಿದ್ದೆ.

ರಿಪೇರಿಯವರು ನನ್ನ ವರದಿಯನ್ನು ಎರಡೂ ಕೈಯಲ್ಲಿ ಗೌರವದಿಂದ ಸ್ವೀಕರಿಸಿ, ಅದನ್ನು ನೆಲದ ಮೇಲೆ ಹಾಸಿ, ಅದರ ಮೇಲೆ ತಿರುಪು ಮೊಳೆಗಳನ್ನು ಸಾಲಾಗಿ ಇಟ್ಟುಕೊಂಡು ತಗಡು ಬಿಚ್ಚಿದರು. ಬಿಚ್ಚಿದವರು ಒಳಗೆ ಇಣುಕಿ, "ಮೇಡಂ, ಇದು ಕಂಪ್ಯೂಟರ್ ಅಲ್ಲ, ಹೆರಿಗೆ ಆಸ್ಪತ್ರೆ" ಎಂದರು. ತಮ್ಮವರು ಮೊಟ್ಟೆಗಳನ್ನು ಬಾಯಲ್ಲಿ ಕಚ್ಚಿಕೊಂಡು, ಒಬ್ಬರನ್ನೊಬ್ಬರು ತಳ್ಳದೆ, ಎರಡು ಸಾಲಾಗಿ ಫ್ಯಾನಿನ ಕಡೆಗೆ ಹೊರಟಿದ್ದರು. ಬಗ್ಗಿ ನೋಡಿದ ನಮ್ಮ ಅಜ್ಜಿ, "ಅಯ್ಯೋ ಮುಚ್ಚಪ್ಪಾ ಮುಚ್ಚು, ಬಾಣಂತಿ ಮನೆಗೆ ಗಾಳಿ ಬಿಡಬಾರದು" ಎಂದು ಗದರಿದರು.

ತಮ್ಮ ಆಯ್ಕೆಯನ್ನು ನಾನು ಮೆಚ್ಚಲೇಬೇಕು. ಧೂಳು ಕೂರದಿರಲೆಂದು ನಮ್ಮಮ್ಮ, ಅವರು ಬಟ್ಟೆ ಹೊಲಿಯುವವರು, ಆ ಪೆಟ್ಟಿಗೆಗೆ ಹತ್ತಿ ತುಂಬಿದ ದಪ್ಪನೆಯ ಗವಸು ಹೊಲಿದುಕೊಟ್ಟಿದ್ದರು. ಪದೇ ಪದೇ ಆರಿಸಿ ಹಚ್ಚಿದರೆ ಯಂತ್ರ ಸವೆಯುತ್ತದೆಂಬ ಸಿದ್ಧಾಂತದ ಮೇಲೆ ನಾನು ಅದನ್ನು ಆರಿಸುತ್ತಲೇ ಇರಲಿಲ್ಲ. ಕೀಲಿಮಣೆಯ ಪಕ್ಕದಲ್ಲಿ ಸಿಹಿ ಬಿಸ್ಕತ್ತು ತಿನ್ನುವವರು ಯಾರೆಂದು ಅಮ್ಮ ಕೇಳಿದಾಗಲೆಲ್ಲ ನಾನು ಬೇರೆ ವಿಷಯ ಎತ್ತುತ್ತಿದ್ದೆ. ಬೆಚ್ಚನೆಯ ಹಾಸಿಗೆ, ಎಂದೂ ಆರದ ಒಲೆ, ಮನೆ ಬಾಗಿಲಿಗೆ ಬರುವ ಊಟ, ಇಷ್ಟನ್ನೂ ಕೊಟ್ಟ ಮೇಲೆ ತಾವು ಬಾರದೇ ಇದ್ದಿದ್ದರೆ ಅದು ನನಗೆ ಅವಮಾನವಾಗುತ್ತಿತ್ತು.

ಆದರೂ ಒಂದು ಸಣ್ಣ ದೂರಿದೆ. ತಮ್ಮವರಲ್ಲಿ ಒಬ್ಬರು ಡಿಸ್ಕಿನ ಕೆಳಗಿನ ಬೋರ್ಡಿನ ಮೇಲೆ ಕರೆಂಟು ಹೊಡೆದು ತೀರಿಕೊಂಡರಂತೆ. ಹಾಗೆ ಸಾಯುವವರ ಮೈಯಿಂದ ಒಂದು ವಾಸನೆ ಹೊರಡುತ್ತದಂತೆ, ಆ ವಾಸನೆ ಬಡಿದೊಡನೆ ಉಳಿದವರು ಮಾಡುತ್ತಿರುವ ಕೆಲಸ ಬಿಟ್ಟು ಸಹಾಯಕ್ಕೆ ಓಡಿಬರುತ್ತಾರಂತೆ, ಬಂದವರೂ ಅಲ್ಲೇ ಸಾಯುತ್ತಾರಂತೆ, ಅವರಿಗಾಗಿ ಇನ್ನಷ್ಟು ಮಂದಿ ಬರುತ್ತಾರಂತೆ. ರಿಪೇರಿಯವರು ಇದನ್ನು ಹೇಳುತ್ತಾ ಬ್ರಷ್ಷಿನಿಂದ ಗುಡಿಸಿದ ತಮ್ಮವರ ಕಳೇಬರ ಒಂದು ಚಹಾ ಲೋಟದಷ್ಟಿತ್ತು. ತಮ್ಮ ಕುಲದ ಈ ಪರೋಪಕಾರ ಬುದ್ಧಿಗೆ ನನ್ನ ಗೌರವ ಸಲ್ಲಲಿ. ಅದರಿಂದಾಗಿ ಬೋರ್ಡು ಸುಟ್ಟು ಕರಕಲಾಯಿತು. ಅದಿಲ್ಲದೆ ಡಿಸ್ಕಿನೊಳಗಿರುವುದನ್ನು ಹೊರತೆಗೆಯಲಾಗದು; ಅಂಥದೇ ಇನ್ನೊಂದು ಬೋರ್ಡು ಬರಲು ಹತ್ತು ದಿನ ಬೇಕು. ನನ್ನ ಅಂತಿಮ ವರ್ಷದ ಯೋಜನಾ ವರದಿಯನ್ನು ಒಪ್ಪಿಸಬೇಕಾದದ್ದು ಸೋಮವಾರ ಸಂಜೆ ನಾಲ್ಕಕ್ಕೆ. ಒಪ್ಪಿಸದಿದ್ದರೆ ಐದು ಸೆಮಿಸ್ಟರುಗಳ ಮೊದಲ ಸ್ಥಾನ ಆರನೆಯದರಲ್ಲಿ ಕೈತಪ್ಪಿ ಹೋಗುತ್ತದೆ. ಮತ್ತು ಆ ವರದಿ ಪೂರ್ತಿಯಾಗಿ ಇದ್ದದ್ದು ಆ ಡಿಸ್ಕಿನಲ್ಲಿ ಮಾತ್ರ. ಪ್ರಯೋಗಾಲಯದ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇಡಬಹುದಾಗಿತ್ತು. ಅಲ್ಲಿ ಎರಡನೆಯ ಸ್ಥಾನದವರು ಕೂರುತ್ತಾರೆ.

ವರದಿಯ ವಿಷಯವನ್ನು ತಾವು ಬಲ್ಲಿರಿ: ಆಸ್ಪತ್ರೆಗಳಲ್ಲಿ ಸರದಿ ಸಾಲು ನೂಕುನುಗ್ಗಲಿಲ್ಲದೆ ಸಾಗುವಂತೆ ಮಾಡುವುದು ಹೇಗೆ ಎಂಬುದು. ಅದಕ್ಕೆ ನಾನು ಎಂಟು ತಿಂಗಳು ತೆಗೆದುಕೊಂಡೆ. ನನ್ನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ ಅದೇ ಕೆಲಸವನ್ನು ತಾವು ಯಾವ ವರದಿಯೂ ಇಲ್ಲದೆ ಮಾಡಿಸುತ್ತಿದ್ದಿರಿ. ಒಂದು ಮಾತು ತಿಳಿಸಿದ್ದರೆ ಉಲ್ಲೇಖದಲ್ಲಿ ತಮ್ಮ ಹೆಸರು ಸೇರಿಸುತ್ತಿದ್ದೆ.

ವಿಭಾಗದ ಮುಖ್ಯಸ್ಥರಲ್ಲಿ ಗಡುವು ವಿಸ್ತರಣೆ ಕೇಳಲು ಹೋಗಿದ್ದೆ. ಅವರು ಕನ್ನಡಕವನ್ನು ಹಣೆಗೇರಿಸಿ, "ಇರುವೆ ಕಾರಣ ಅಂತ ಬರೆದು ಕೊಡಮ್ಮ, ಫೈಲಿಗೆ ಹಾಕೋಣ. ಹೋದ ವರ್ಷ ಒಬ್ಬ ನಾಯಿ ಅಂದಿದ್ದ" ಎಂದರು. ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ: ಎಪ್ಪತ್ತೊಂದು ಪುಟಗಳ ವರದಿಯೊಂದು ನಿಜವಾಗಿಯೂ ಇತ್ತೆಂದೂ, ಅದು ಉತ್ತಮವಾಗಿತ್ತೆಂದೂ, ತಾವು ಅದರ ಮೇಲೆಯೇ ವಾಸವಾಗಿದ್ದಿರೆಂದೂ ದೃಢೀಕರಿಸಿ, ಆರೂ ಕಾಲುಗಳ ಗುರುತು ಒತ್ತಿದ ಪ್ರಮಾಣಪತ್ರವೊಂದನ್ನು ಸೋಮವಾರ ಮಧ್ಯಾಹ್ನದೊಳಗೆ ದಯಪಾಲಿಸಬೇಕು. ಅದು ಕಷ್ಟವಾದರೆ, ನಾನು ಬರೆಯುವಾಗ ಅಲ್ಲೇ ಇದ್ದ ಹಿರಿಯ ಕೆಲಸಗಾರ್ತಿಯರಲ್ಲಿ ನೆನಪು ಚೆನ್ನಾಗಿರುವ ಎಪ್ಪತ್ತೊಂದು ಮಂದಿಯನ್ನು ಆರಿಸಿ, ಪುಟಕ್ಕೊಬ್ಬರಂತೆ ಸಾಲಾಗಿ ಕಳಿಸಿಕೊಟ್ಟರೆ, ಅವರು ಹೇಳಿದಂತೆ ಬರೆದುಕೊಳ್ಳಲು ನಾನು ಸಿದ್ಧಳಿದ್ದೇನೆ.

ಇಷ್ಟೊಂದು ಒತ್ತಾಯವೇಕೆಂದು ತಾವು ಕೇಳಬಹುದು. ತಮ್ಮನ್ನು ಬಿಟ್ಟರೆ ಆ ವರದಿಯನ್ನು ಕಂಡವರು ಲೋಕದಲ್ಲಿ ಒಬ್ಬರೇ, ಅವರು ಎರಡನೆಯ ಸ್ಥಾನದವರು. ಪ್ರತಿ ಬಾರಿಯೂ ನನಗಿಂತ ಅರ್ಧ ಅಂಕ ಹಿಂದೆ ಬೀಳುವುದರಿಂದ ತರಗತಿಯಲ್ಲಿ ಅವರಿಗೆ ಅರ್ಧಾಂಕ ಎಂದೇ ಹೆಸರು; ಆ ಹೆಸರಿಟ್ಟವಳು ನಾನು. ಮೂರು ವಾರಗಳ ಹಿಂದೆ ನಾನೇ ಅವರಿಗೆ ಮೊದಲ ಅರವತ್ತು ಪುಟಗಳನ್ನು "ಬಿಡುವಿದ್ದಾಗ ನೋಡು" ಎಂಬ ಚೀಟಿಯೊಡನೆ ಪೆನ್‌ಡ್ರೈವಿಗೆ ಹಾಕಿ ಕಳಿಸಿದ್ದೆ. ಅವರಿಗೆ ನೆರವಾಗಲೆಂದಲ್ಲ, ಅವರ ಎದೆ ಕುಸಿಯಲೆಂದು. ಅವರಿಂದ ಬಂದ ಉತ್ತರ ಉದ್ದವಾಗಿತ್ತು. "ತುಂಬ ಚೆನ್ನಾಗಿದೆ ಕಣೇ" ಎಂಬ ಮೊದಲ ಸಾಲು ಓದಿ ಮುಚ್ಚಿದ್ದೆ.

ತಮ್ಮ ಪ್ರಮಾಣಪತ್ರ ಬಂದರೆ ನಾನು ಅವರ ಮನೆ ಮೆಟ್ಟಿಲು ಹತ್ತುವ ಪ್ರಮೇಯವಿಲ್ಲ. ತಾವಾಗಿಯೇ ಕಳಿಸುವಿರೆಂದು ಶುಕ್ರವಾರವೆಲ್ಲ ಕಾದೆ. ಶನಿವಾರ ಮಧ್ಯಾಹ್ನದವರೆಗೂ ಕಾದೆ. ತಮ್ಮ ಕಡೆಯಿಂದ ಬಂದ ಉತ್ತರವೆಂದರೆ, ಆರಿಹೋದ ಕಂಪ್ಯೂಟರು ತಣ್ಣಗಾದದ್ದೇ ತಡ, ತಾವು ಸಕುಟುಂಬ ಸಪರಿವಾರ ಅಜ್ಜಿಯ ಹಳೆಯ ರೇಡಿಯೋದೊಳಕ್ಕೆ ಮನೆ ಬದಲಾಯಿಸಿದ್ದು. ಅಜ್ಜಿ ರೇಡಿಯೋ ಆರಿಸುವುದಿಲ್ಲವೆಂದು ಹಟ ಹಿಡಿದಿದ್ದಾರೆ. "ಹಾಡು ಕೇಳ್ಕೊಂಡು ಮಲಗಿರಲಿ, ನಿನಗೇನು ಹೊಟ್ಟೆಕಿಚ್ಚು?" ಎಂದು ನನ್ನನ್ನೇ ಕೇಳುತ್ತಾರೆ. ಅಮ್ಮ ಹೊಲಿಗೆಯಿಂದ ತಲೆ ಎತ್ತದೆ, "ಆ ಹುಡುಗಿ ಮನೆಗೆ ಹೋಗ್ಬಾರೇ, ಕಾಲೇನು ಸವೆಯುತ್ತಾ?" ಎಂದರು. ಸವೆಯುವುದು ಕಾಲಲ್ಲ, ಅಮ್ಮನಿಗೆ ಅದು ತಿಳಿಯದು.

ತಮ್ಮವರಲ್ಲಿ ಸಹಾಯ ಬೇಕಾದವರು ಸುಮ್ಮನೆ ಸಾಯಲು ತೊಡಗಿದರೆ ಸಾಕು, ಉಳಿದದ್ದನ್ನು ವಾಸನೆ ನೋಡಿಕೊಳ್ಳುತ್ತದೆ. ನಮ್ಮಲ್ಲಿ ಬಾಯಿ ಬಿಟ್ಟು ಕೇಳಬೇಕು. ಇಷ್ಟು ಹಿಂದುಳಿದ ಏರ್ಪಾಟನ್ನು ಯಾರು ಮಾಡಿದರೋ ಅವರಿಗೂ ಒಂದು ಪತ್ರ ಬರೆಯುವ ಉದ್ದೇಶವಿದೆ.

ಸೋಮವಾರದವರೆಗೆ ತರಗತಿಗೆ ಮೊದಲಿಗಳೂ, ರೇಡಿಯೋದಿಂದ ತಾವು ಆಚೆ ಬಾರದಿರುವವರೆಗೆ ತಮ್ಮ ವಿಶ್ವಾಸಿಯೂ ಆದ,
ನಡುಕೋಣೆಯ ಹಳೆಯ ಒಡತಿ

ಮರೆತ ಮಾತು: ಈ ಕೊನೆಯ ಸಾಲುಗಳನ್ನು ಬರೆಯುತ್ತಿರುವುದು ಅರ್ಧಾಂಕ ಅವರ ಮನೆಯಲ್ಲಿ, ಅವರ ಕಂಪ್ಯೂಟರಿನ ಮುಂದೆ. ಬಾಗಿಲು ತೆರೆದವರು, "ಏನೇ ಫಸ್ಟ್ ರ‍್ಯಾಂಕು, ದಾರಿ ತಪ್ತಾ?" ಎಂದರು, ನಾನು ಬಾಯಿ ಬಿಟ್ಟು ಕೇಳುವ ಮೊದಲೇ, "ಸಾಕು ಬಾ, ನಿಂತ್ಕೊಂಡು ಬೆವರಬೇಡ" ಎಂದು ಒಳಗೆ ಎಳೆದುಕೊಂಡರು. ಅರವತ್ತು ಪುಟಗಳೂ ಇವೆ. ನಲವತ್ತೊಂದನೆಯ ಪುಟದ ಕೋಷ್ಟಕದಲ್ಲಿ ಎರಡು ಸಾಲು ಅದಲುಬದಲಾಗಿರುವುದನ್ನು ಅವರು ಆಗಲೇ ನನಗೆ ಬರೆದಿದ್ದರಂತೆ, ನಾನು ಓದದೆ ಮುಚ್ಚಿದ ಉತ್ತರದ ಎರಡನೆಯ ಸಾಲಿನಲ್ಲಿ. ಉಳಿದ ಹನ್ನೊಂದು ಪುಟಗಳಿಗೆ ಪಕ್ಕದಲ್ಲಿ ಕೂತು ನನ್ನ ಕೈಬರಹದ ಟಿಪ್ಪಣಿ ಓದಿ ಹೇಳುತ್ತಿದ್ದಾರೆ. ಅವರು ನೀರು ತರಲು ಎದ್ದಾಗ ನನ್ನ ಚೀಲದಿಂದ ತಮ್ಮ ಹೆಣ್ಣುಮಕ್ಕಳು ಮೂವರು ಇಳಿದು, ಈ ಬೆಚ್ಚನೆಯ ಪೆಟ್ಟಿಗೆಯ ಕಡೆಗೆ ಸಾಲುಗಟ್ಟಿದರು. ಅವರನ್ನು ಕಾಗದದ ಮೇಲೆ ಹತ್ತಿಸಿಕೊಂಡು ಲಕೋಟೆಗೆ ಹಾಕಿ ಈ ಪತ್ರದ ಜೊತೆಗೇ ಹಿಂದಿರುಗಿಸುತ್ತಿದ್ದೇನೆ. ಹತ್ತಿಸಿಕೊಳ್ಳುವ ಮೊದಲು ಸುಮಾರು ಒಂದು ನಿಮಿಷ ನಾನು ಅವರನ್ನು ತಡೆಯದೆ ನೋಡುತ್ತಾ ಕೂತಿದ್ದೆ. ಆ ಒಂದು ನಿಮಿಷದ ವಿಷಯವನ್ನು ಮೂವರೂ ಯಾರ ಮುಂದೆಯೂ ಬಾಯಿ ಬಿಡದಂತೆ ತಾವು ನೋಡಿಕೊಳ್ಳಬೇಕು.