ಬಟುಕಭಾಯಿ ಬಾಯಿ ತೆರೆದದ್ದು

ಆ ಭಾನುವಾರ ಜೇತ್‌ಪುರದ ಬಟುಕಭಾಯಿಗೆ ಪಾನಿಪೂರಿ ಹಿಡಿಸಲಿಲ್ಲ. ರುಚಿ ಹಿಡಿಸಲಿಲ್ಲವೆಂದಲ್ಲ, ಬಾಯಿಗೇ ಹಿಡಿಸಲಿಲ್ಲ. ಪೂರಿ ಹಲ್ಲಿಗೆ ಬಡಿದು ಒಡೆದು, ಪುದೀನಾ ನೀರೆಲ್ಲ ಅಂಗಿಯ ಮೇಲೆ ಸುರಿಯಿತು.

"ನನ್ನ ಮೇಲೆ ರೇಗೋವಾಗ ಮಾತ್ರ ಹೆಬ್ಬಾಗಿಲಿನ ಹಾಗೆ ತೆಗೀತೀರಿ!" ಎಂದಳು ಹೆಂಡತಿ ಲಾಭುಬೆನ್.

ಬಟುಕ ಸೀರೆಗೆ ಅಚ್ಚು ಹಾಕುವ ಕಾರ್ಖಾನೆಯ ಮೇಸ್ತ್ರಿ. ಅಡಿಕೆ ಚೂರಿಗೆ ತಂಬಾಕು, ಸುಣ್ಣ ಸೇರಿಸಿ ಉಜ್ಜಿದ ಮಾವಾ ಬಾಯಲ್ಲಿಲ್ಲದಿದ್ದರೆ ಅವನಿಗೆ ಬಣ್ಣಗಳ ಹೆಸರೂ ನೆನಪಾಗುತ್ತಿರಲಿಲ್ಲ.

ಸುದ್ದಿ ಹಬ್ಬಿದ್ದೇ ಓಣಿಯ ತುಂಬ ವೈದ್ಯರು ಹುಟ್ಟಿಕೊಂಡರು. ಪಕ್ಕದ ಮನೆಯ ಮುಕ್ತಾಕಾಕಿ ದವಡೆಗೆ ಬಿಸಿ ಹರಳೆಣ್ಣೆ ತಿಕ್ಕಿ, ದೃಷ್ಟಿಯನ್ನೂ ತೆಗೆದಳು. ಮೂಲೆಯಂಗಡಿಯಲ್ಲಿ ಮಾವಾ ಉಜ್ಜುವ ಲಾಲ್ಜಿ, "ದವಡೆ ಹಿಡ್ಕೊಂಡಿದೆ, ಅಷ್ಟೇ. ಇನ್ನೊಂದು ಹಾಕ್ಕೊಳ್ಳಿ, ಜಗೀತಾ ಜಗೀತಾ ಸಡಿಲ ಆಗತ್ತೆ" ಎಂದ. ಬಟುಕ ಹಾಕಿಕೊಂಡ. ಸಡಿಲವಾಗಲಿಲ್ಲ, ಬಾಯಿ ಧಗಧಗ ಉರಿಯಿತು.

ಕಡೆಗೆ ಕಾಕಿ ದನಿ ತಗ್ಗಿಸಿ, "'ಅದು' ಇರಬಹುದೇನೋ" ಎಂದಳು. ಆ ಓಣಿಯಲ್ಲಿ ಕ್ಯಾನ್ಸರ್ ಎಂಬ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

ಲಾಭುಬೆನ್ ಕಣ್ಣಲ್ಲಿ ನೀರು ತುಂಬಿತು. "ನಮ್ಮ ಮಗಳು ಹೇತಲಳ ಮದುವೆ ಮಾತು ನಡೀತಿದೆ. ಇಲ್ಲಿ ಯಾರಿಗೂ ತೋರಿಸೋದು ಬೇಡ" ಎಂದು ಗಂಡನ ಮುಖಕ್ಕೆ ಬಟ್ಟೆ ಸುತ್ತಿ ಗೊಂಡಲ್ ಬಸ್ಸು ಹತ್ತಿಸಿದಳು. ಅಲ್ಲಿ ಬಾಯಿ ತಪಾಸಣೆಯ ಶಿಬಿರವಿತ್ತು.

ಡಾಕ್ಟರು ಮಗಳ ವಯಸ್ಸಿನ ಹುಡುಗಿ. "ಮೂರು ಬೆರಳು ನೆಟ್ಟಗೆ ಬಾಯೊಳಗಿಡಿ, ಕಾಕಾ."

ಎರಡು ಬೆರಳೂ ಹೋಗಲಿಲ್ಲ. ಅವಳು ಟಾರ್ಚಿನ ಬೆಳಕು ಬಿಟ್ಟು ನೋಡಿದಳು. "ಕೆನ್ನೆ ಒಳಗಡೆ ಗಟ್ಟಿಯಾಗಿದೆ. ಸದ್ಯಕ್ಕೆ ಕ್ಯಾನ್ಸರ್ ಥರ ಕಾಣ್ತಿಲ್ಲ. ಹೀಗೇ ಜಗೀತಿದ್ರೆ ಆಗಬಹುದು. ಇವತ್ತಿಂದ ಅಡಿಕೆ, ತಂಬಾಕು ಎರಡೂ ಬಂದ್. ಚಿಕಿತ್ಸೆಗೆ ಬರ್ತಾ ಇರಬೇಕು."

"ದುಡಿದ ದುಡ್ಡಲ್ಲಿ ಬಾಯಿಗೆ ಬೀಗ ಕೊಂಡ್ಕೊಂಡಿದೀನಲ್ಲ ತಾಯಿ, ನನ್ನಂಥ ಜಾಣ ಗುಜರಾತಲ್ಲೇ ಇಲ್ಲ!"

"ಬೇಗ ಬಂದ್ರಲ್ಲ, ಅದು ಜಾಣತನಾನೇ."

ಬಟುಕ ಜೇಬಿನ ಮಾವಾವನ್ನು ಅಲ್ಲೇ ಚರಂಡಿಗೆಸೆದ. ಸತ್ತು ಬದುಕಿದವನಂತೆ ಊರಿಗೆ ಬಂದ.

ಬಸ್ಸಿಳಿದರೆ ಇಡೀ ಓಣಿಯೇ ಎದುರಿಗೆ! ಮುಕ್ತಾಕಾಕಿ ಯಾರಿಗೂ ಹೇಳಬೇಡಿ ಎಂದು ಎಲ್ಲರಿಗೂ ಹೇಳಿದ್ದಳು. ಗುಂಪಿನಲ್ಲಿ ಹೇತಲಳಿಗೆ ನೋಡಿದ್ದ ಗಂಡಿನ ಚಿಕ್ಕಪ್ಪನೂ ನಿಂತಿದ್ದ. ಅವನನ್ನು ಕಂಡದ್ದೇ ಬಟುಕನ ಧೈರ್ಯ ಒದ್ದೆ ಹಪ್ಪಳವಾಯಿತು.

"ಏನೂ ಇಲ್ವಂತೆ! ಡಾಕ್ಟರೇ ನೋಡಿದ್ರು. ಬಾಯಿ ಬಂಗಾರದಂಗಿದೆಯಂತೆ!"

ಓಣಿ ಹೋ ಎಂದಿತು. "ಇಷ್ಟು ವರ್ಷ ಜಗಿದೋರಿಗೇ ಏನೂ ಆಗಿಲ್ಲ, ನಮಗೇನಾಗತ್ತೆ?" ಬೆಳಗ್ಗಿನಿಂದ ಹೆದರಿ ಬಾಯಿ ಕಟ್ಟಿ ಕೂತವರೆಲ್ಲ ಲಾಲ್ಜಿಯ ಅಂಗಡಿಗೆ ಮುಗಿಬಿದ್ದರು.

ಬಟುಕ ಓಡಿಹೋಗಿ ಅವರಿಗೆ ಅಡ್ಡ ನಿಂತ. "ಬೇಡ್ರಪ್ಪಾ! ಸುಳ್ಳು ಹೇಳಿದೆ! ಡಾಕ್ಟರು ಬಿಡೋಕೆ ಹೇಳಿದಾರೆ. ನೋಡಿ, ಎರಡು ಬೆರಳೂ ಹೋಗಲ್ಲ!" ಎಂದು ಬಾಯಿಗೆ ಬೆರಳು ತುರುಕಿ ಒದ್ದಾಡಿದ.

"ಆಹಾ, ಖುಷಿ ಆದ್ರೆ ಬಟುಕಭಾಯಿ ಏನ್ ನಾಟಕ ಆಡ್ತಾರೆ!" ಎಲ್ಲರೂ ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಲಾಲ್ಜಿ ಅಂಗಡಿಯ ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದೂ ಆಗಿತ್ತು: 'ಬಟುಕಭಾಯಿ ಸ್ಪೆಷಲ್ ಮಾವಾ. ಡಾಕ್ಟರ್ ಪಾಸ್.'

ಗಂಡಿನ ಚಿಕ್ಕಪ್ಪ ಎರಡು ಪೊಟ್ಟಣ ಕಟ್ಟಿಸಿಕೊಂಡು, ಬಟುಕನ ಹೆಗಲು ತಟ್ಟಿದ. "ಸಂಬಂಧ ಗಟ್ಟಿಯಾಯ್ತು ಅಂದ್ಕೊಳ್ಳಿ, ಬೀಗರೇ. ಒಂದು ನನಗೆ, ಇನ್ನೊಂದು ನಿಮ್ಮ ಅಳಿಯನಿಗೆ!"